ಮಗ್ಗದ ಕೋಣೆಯ ಕಿಟಕಿ

ಬೀಡಿ ಸೇದಿದ್ದು ನಾನು, ಎದೆ ಕೆಟ್ಟಿದ್ದು ನಿಮ್ಮಜ್ಜಿದು. ಅದನ್ನ ಮೊದ್ಲು ತಿಳ್ಕಳ್ರಪ್ಪಾ, ಆಮೇಲೆ ಅವಳ ಕೆಮ್ಮನ್ನ ಅಣಕಿಸೀರಂತೆ. ದೊಡ್ಡಬಳ್ಳಾಪುರದಲ್ಲಿ ನಮ್ದು ಎರಡು ಮಗ್ಗ ಇತ್ತಲ್ಲ, ಎರಡಲ್ಲ, ಮೊದ್ಲು ಒಂದೇ, ಆಮೇಲೆ ಎರಡಾಯ್ತು, ಆ ಮಗ್ಗದ ಕೋಣೆ ಕಿಟಕಿ ನಾನು ತೆಗೀತಾನೇ ಇರ್ಲಿಲ್ಲ. ಗಾಳಿ ಬಡಿದ್ರೆ ಎಳೆ ಒಣಗಿ ಕಿತ್ತೋಗ್ತದೆ ಅಂತ. ಒಳಗೆ ನೂಲಿನ ದೂಳು, ಪಕ್ಕದಲ್ಲೇ ಸೌದೆ ಒಲೆ, ಮಧ್ಯೆ ನನ್ನ ಬೀಡಿ. ಅವಳು ಅಲ್ಲೇ ಕೂತು ಕಂಡಿಕೆ ಸುತ್ತೋಳು, ಅಂದ್ರೆ ಲಾಳಿಗೆ ಹಾಕೋ ನೂಲು, ಎದ್ದು ಅಡುಗೆ ಮಾಡೋಳು, ಮತ್ತೆ ಬಂದು ಕೂರೋಳು. ಸಾಯಂಕಾಲ ಇಬ್ರೂ ಒಂದೊಂದು ಚೂರು ಬೆಲ್ಲ ತಿನ್ನೋದು. ಬೆಲ್ಲ ತಿಂದ್ರೆ ಎದೇಲಿರೋ ದೂಳೆಲ್ಲ ಇಳಿದೋಗ್ತದೆ ಅಂತ ನಮ್ಮ ಬೀದಿಯೋರೆಲ್ಲ ನಂಬಿದ್ವಿ. ನಾನಂತೂ ಅಚ್ಚು ಬೆಲ್ಲ ತಂದಿಟ್ಟು, ಹೆಂಡ್ತೀನ ಚೆನ್ನಾಗಿ ನೋಡ್ಕೋತಿದೀನಿ ಅಂದ್ಕೊಂಡಿದ್ದೆ. ಎಂಥಾ ಪೆದ್ದ ನಾನು.

ಕೆಮ್ಮು ವರ್ಷಾನುಗಟ್ಲೆ ಇತ್ತು ಕಣ್ರೋ, ಮಗ್ಗದೋರಿಗೆ ಇದ್ದಿದ್ದೇ ಅಂತ ಸುಮ್ನಿದ್ವಿ. ಒಂದಿನ ಬಿಂದಿಗೇಲಿ ನೀರು ತಂದೋಳು ಹೊಸ್ತಿಲ ಮೇಲೇ ಕೂತ್ಬಿಟ್ಳು. ಮಾತಾಡಕ್ಕೂ ಉಸಿರಿಲ್ಲ. ಎಬ್ಬಿಸ್ಕೊಂಡು ಆಸ್ಪತ್ರೆಗೆ ಓಡ್ದೆ. ಅಲ್ಲಿ ಕಫ ನೋಡಿದ್ರು, ಕ್ಷಯ ಅಲ್ಲ ಅಂದ್ರು, ಉಸಿರೆಷ್ಟಿದೆ ನೋಡಕ್ಕೆ ಒಂದು ಮಿಷನ್ ಕೊಟ್ಟು ಜೋರಾಗಿ ಊದ್ಸಿದ್ರು. ಡಾಕ್ಟ್ರಮ್ಮ, "ಏನಮ್ಮಾ, ಬೀಡಿ ಸೇದ್ತೀರಾ?" ಅಂದ್ರು. ಇವಳು ಏದುಸಿರಲ್ಲೇ, "ಸೇದೋರು ಇವ್ರು. ಬಿಟ್ಟ ಹೊಗೆ ಕುಡಿಯೋಳು ನಾನು" ಅಂದ್ಳು. ಒಲೆ ಹೊಗೆ, ಬೀಡಿ ಹೊಗೆ, ದೂಳು, ಎಲ್ಲಾ ಸೇರಿ ಉಸಿರಿನ ದಾರಿ ಕಿರಿದಾಗಿದೆ, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೋದು, ದಿನಾ ಇನ್‌ಹೇಲರ್ ಎಳ್ಕೋಬೇಕು ಅಂತ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ರು. "ಮತ್ತೆ ಬೆಲ್ಲ?" ಅಂದೆ ನಾನು. "ಬೆಲ್ಲ ಹೊಟ್ಟೆಗೆ ಹೋಗುತ್ತೆ, ಎದೆಗಲ್ಲ ಯಜಮಾನ್ರೇ" ಅಂದ್ರು.

ಮನೆಗೆ ಬಂದೋಳು ಮಾಡಿದ್ದೇನು ಗೊತ್ತಾ? ಸೀದಾ ಹೋಗಿ ಮಗ್ಗದ ಕೋಣೆ ಕಿಟಕಿ ತೆಗೆದ್ಳು. ಮಗ್ಗದ ಮೇಲೆ ಅರ್ಧ ಸೀರೆ ಇದೆ, ನಾನು ನೇಯಕ್ಕೆ ಶುರು ಮಾಡ್ತಿದ್ದಂಗೇ ಪಟಪಟ ಎಳೆ ಕಿತ್ತೋದ್ವು. "ಲೇ, ಮುಚ್ಚೇ" ಅಂತ ಕೂಗ್ದೆ. ಬೈಬೋದಿತ್ತು ಅವಳು, ಅಷ್ಟು ವರ್ಷದ್ದೆಲ್ಲ ಎತ್ತಾಡ್ಬೋದಿತ್ತು. ಇಲ್ಲ. ಬಂದು ಕೂತು, ಕಿತ್ತೋಗಿದ್ದ ಎಳೆ ಒಂದೊಂದೇ ಗಂಟು ಹಾಕ್ತಾ, "ಇದನ್ನ ಎಷ್ಟು ಸಲ ಬೇಕಾದ್ರೂ ಕಟ್ಕೊಡ್ತೀನಿ. ನನ್ನುಸಿರು ಕಿತ್ತೋದ್ರೆ ನಿಮಗೆ ಕಟ್ಟಕ್ಕೆ ಬರ್ತದಾ?" ಅಂದ್ಳು. ಅಂಥಾ ಗಟ್ಟಿ ಹೆಂಗಸನ್ನ ನಾನಿನ್ನೊಬ್ಬಳನ್ನ ನೋಡಿಲ್ಲ. ಆ ಕಿಟಕಿ ಮತ್ತೆ ಮುಚ್ಚಲಿಲ್ಲ ನಾನು. ಬೀಡಿ ಅವತ್ತೇ ಬಿಟ್ಟೆ. ಅವತ್ತೇ ಅಲ್ಲ, ಸುಳ್ಳು ಯಾಕೆ ಹೇಳ್ಲಿ, ಆರು ತಿಂಗಳು ಹಿಡೀತು. ಅವಳು ನೋಡಿ, ಈಗ್ಲೂ ಬೆಳಗ್ಗೆ ಬೀದಿ ಕೊನೇವರ್ಗೂ ನಡೀತಾಳೆ, ಮಧ್ಯೆ ಎರಡು ಕಡೆ ಉಸಿರು ತಗೊಳ್ಳಕ್ಕೆ ನಿಂತ್ಕೊಂಡು. ಮನೇಲಿ ಯಾರಾದ್ರೂ ಕೆಮ್ಮಿದ್ರೆ ಅವರನ್ನ ಅಣಕಿಸ್ಬೇಡಿ, ಮೊದ್ಲು ನಿಮ್ಮ ಕೈಲೇನಿದೆ ನೋಡ್ಕಳಿ.