ದಿಕ್ಕು ಕೇಳಿದ ಬೇಟೆಗಾರ

ಗಾಳಿ ಹೀಗೆ ತಗಡು ಬಡಿಯೋಕೆ ಶುರು ಮಾಡಿದ್ರೆ ನನಗೆ ಕೂತಲ್ಲಿ ಕೂರೋಕಾಗಲ್ಲ. ಆ ಕದ ಸರಿಯಾಗಿ ಹಾಕ್ಕೊಂಡು ಬನ್ನಿ... ಒವಿದಿಯೊಗೆ ಆದದ್ದು ಹೇಳ್ತೀನಿ. ಅವನು ನನ್ನ ಚಿಕ್ಕಮ್ಮನ ಮಗ. ಸುಳ್ಳು ಹೇಳಿದ್ರೆ ನಗು ತಡೆಯೋಕಾಗದೆ ತಾನೇ ಸಿಕ್ಕಿಬೀಳೋ ಆಸಾಮಿ.

ಆ ಚಳಿಗಾಲ ನಮ್ಮ ಪೆಟಗೋನಿಯಾದಲ್ಲಿ ಎಲ್ಲರ ಬಾಯಲ್ಲೂ ಪೂಮಾದ್ದೇ, ಆ ಬೆಟ್ಟದ ಸಿಂಹದ್ದೇ ಮಾತು. ನಮ್ಮಪ್ಪನ ಕಾಲದಲ್ಲಿ ಕುರಿ ಸಾಕೋರು ಅದನ್ನ ಬೆಟ್ಟದಾಚೆಗೆ ಅಟ್ಟಿಬಿಟ್ಟಿದ್ರು. ಆಮೇಲೆ ದೊಡ್ಡ ಕುರಿ ಫಾರ್ಮುಗಳು ಮುಚ್ಚಿದವು. ಕೊಲ್ಲಬಾರದು ಅಂತ ಕಾನೂನೂ ಬಂತು. ಪೂಮಾ ಮೆಲ್ಲಗೆ ಕೆಳಗಿಳೀತು. ಮೊದಲು ಹೊಳೆ ದಾಟಿತು, ಆಮೇಲೆ ರಸ್ತೆ. ಈಗ ಶಾಲೆ ಹಿಂದೆ ಬಿಸಿಲಿಗೆ ಮೈಚಾಚಿ ಮಲಗಿರುತ್ತೆ, ದೊಡ್ಡ ಕಂದು ಬೆಕ್ಕಿನ ಹಾಗೆ. ಅದನ್ನ ನೋಡೋಕೆ ಎಲ್ಲಿಂದೆಲ್ಲಿಂದಲೋ ಜನ ಕ್ಯಾಮೆರಾ ಹಿಡ್ಕೊಂಡು ಬರ್ತಾರೆ. ಒವಿದಿಯೊನ ಕುರಿಗಳು ಮಾತ್ರ ಕರಗ್ತಾ ಹೋದವು. ಅವನಿಗೆ ನಿದ್ದೆಯೇ ಇಲ್ಲ. ಏಳೋದು, ಕಿಟಕಿಗೆ ಹೋಗೋದು, ಮತ್ತೆ ಮಲಗೋದು, ಮತ್ತೆ ಏಳೋದು.

ಆ ರಾತ್ರಿ ನಮ್ಮಲ್ಲೇ ಊಟ ಮಾಡಿ ಹೊರಟ. ನಮ್ಮ ಯಜಮಾನರು ಕಿಚಾಯಿಸಿದ್ರು: "ಹುಷಾರಪ್ಪಾ, ಪೂಮಾಗೆ ಕೊಬ್ಬಿದ ಮಾಂಸ ಅಂದ್ರೆ ಪ್ರಾಣ."

"ಬರ್ಲಿ ಬಿಡಿ ಭಾವ. ಎವಾರಿಸ್ತೊ ಮಾಮ ಇದ್ದಿದ್ರೆ ಅದಕ್ಕೊಂದು ಗತಿ ಕಾಣಿಸ್ತಿದ್ರು."

ಊರೆಲ್ಲ ಗೌರವದಿಂದ 'ದೋನ್' ಅಂತಿದ್ದ ಎವಾರಿಸ್ತೊ ಅಂದ್ರೆ ಹಳೇ ಪೂಮಾ ಬೇಟೆಗಾರರು. ಜೀವಮಾನವೆಲ್ಲ ಅದೇ ಕೆಲಸ. ಹಿಂದಿನ ವರ್ಷ ತೀರಿಕೊಂಡಿದ್ರು. ಶವದ ಪೆಟ್ಟಿಗೆಗೆ ಹೆಗಲು ಕೊಟ್ಟೋರಲ್ಲಿ ಒವಿದಿಯೊನೂ ಒಬ್ಬ.

ದಾರೀಲಿ ಗಾಳಿಯಂತ್ರದ ಬಾವಿ ಸಿಗುತ್ತೆ. ಆಗತಾನೇ ಹಿಮ ಬಿದ್ದಿತ್ತು. ಯಂತ್ರದ ರೆಕ್ಕೆ ಕಿರ್ರ್... ಟಕ್... ಕಿರ್ರ್... ಟಕ್... ಅಂತಿತ್ತು. ಇವನು ಹತ್ತಿರ ಬಂದ. ಸದ್ದು ನಿಂತಿತು.

ಗಾಳಿ ನಿಂತಿರಲಿಲ್ಲ.

ಚೀಂವ್... ಹಕ್ಕಿ ಕೂಗಿದ ಹಾಗೆ. ಬ್ಯಾಟರಿ ಹಾಕಿದ. ಪಂಪಿನ ತಗಡು ಗೂಡಿನ ಬಾಗಿಲಲ್ಲಿ ಪೂಮಾ! ಹೊಟ್ಟೆ ಕೆಳಗೆ, ಮೈಮೇಲಿನ ಚುಕ್ಕೆ ಇನ್ನೂ ಮಾಸಿರದ ಎರಡು ಮರಿ. ಮೊದಲು ಬಂದದ್ದು ಸಿಟ್ಟಂತೆ. ನನ್ನ ಕುರಿ ತಿಂದ ಮುಂಡೇದು ಇದೇ! ಆದ್ರೆ ಅದು ಇವನನ್ನ ನೋಡ್ತಾನೇ ಇರಲಿಲ್ಲ. ಇವನ ಹೆಗಲಾಚೆ ನೋಡ್ತಿತ್ತು. ನಡುಗ್ತಿತ್ತು.

ಹಿಂದೆ... ಗಿಲ್... ಗಿಲ್... ನಾಯಿ ಕೊರಳಿನ ಗಂಟೆ. ಜೊತೆಗೆ ಏದುಸಿರು, ಹಹ್ ಹಹ್ ಹಹ್, ಒಂದಲ್ಲ, ಒಂದು ಹಿಂಡಿನದು. ಹಿಮ ತುಳಿದ ಕರಕರ ಸದ್ದು ಮಾತ್ರ ಇಲ್ಲ.

ಬ್ಯಾಟರಿ ಆರಿಸಿ ತಿರುಗಿದ. ಹಿಮದ ಬಿಳುಪಲ್ಲಿ ದೋನ್ ಎವಾರಿಸ್ತೊ ನಿಂತಿದ್ರು. ಮಣ್ಣು ಮಾಡುವಾಗ ತೊಡಿಸಿದ್ದ ಅದೇ ಕಪ್ಪು ಕೋಟು. ನಾಯಿ ಒಂದೂ ಕಾಣಲಿಲ್ಲ... ಅವುಗಳ ಉಸಿರು ಮಾತ್ರ ಇವನ ಮೊಣಕಾಲಿಗೆ ತಾಕ್ತಿತ್ತು. ತಣ್ಣಗೆ.

"ಯಾವ ಕಡೆ ಹೋಯ್ತೋ?" ಪಿಸುಮಾತು.

"ಏ... ಏನು ಮಾಮಾ?"

"ಅದೇ, ಮರಿಗಳ ತಾಯಿ. ಬೇಗ ಹೇಳು. ಇವು ನನ್ನ ನಿಲ್ಲೋಕೆ ಬಿಡಲ್ಲ."

"ಯಾವು?"

"ನಾಯಿಗಳು ಕಣೋ. ಕೂರೋಕೂ ಬಿಡಲ್ಲ. ಇದೊಂದು ಹೊಡೆದ್ರೆ ಮುಗೀತು ಅನ್ಕೋತೀನಿ... ಆಮೇಲೆ ಇನ್ನೊಂದು..."

ಗೂಡಿನೊಳಗೆ ಒಂದು ಮರಿ ಕುಂಯ್ ಅಂತು. ಒವಿದಿಯೊ ಜೋರಾಗಿ ಕೆಮ್ಮಿದ.

"ಏನದು?"

"ಶೀತ ಮಾಮಾ." ಕೈ ಎತ್ತಿ ಬೆಟ್ಟ ತೋರಿಸಿದ. "ಆ ಕಡೆ. ಆಗ್ಲೇ ಹೋಯ್ತು."

ಅವರು ಇವನ ಮುಖವನ್ನೇ ನೋಡಿದ್ರು. "ನಿನ್ನ ಕುರಿ ತಿಂದದ್ದು ಅದೇ ತಾನೆ?"

"ಹೂಂ... ಹೋಗಿ ಮಲಗಿ ಮಾಮಾ."

"ಎಲ್ಲಿ ಮಲಗ್ಲೋ?"

ಗಂಟೆ ಸದ್ದು ಬೆಟ್ಟದ ಕಡೆ ಹೋಯ್ತು. ಗಿಲ್... ಗಿಲ್... ಆಮೇಲೆ ಯಂತ್ರದ ರೆಕ್ಕೆ ಮತ್ತೆ ಕಿರ್ರ್... ಟಕ್. ಇವನು ಮನೆವರೆಗೂ ಓಡಿದ.

ನಾನು ಆಮೇಲೆ ಕೇಳ್ದೆ, "ಯಾಕೋ ಸುಳ್ಳು ಹೇಳ್ದೆ? ನಿನ್ನ ಕುರಿ ತಿಂದದ್ದಲ್ವೇನೋ?"

"ಗೊತ್ತಿಲ್ಲ ಅಕ್ಕಾ. ಇನ್ನೊಂದು ಹೊಡೆದ್ರೂ ಅವರಿಗೆ ನಿದ್ದೆ ಬರಲ್ಲ ಅನ್ನಿಸ್ತು. ತೋರಿಸಿಕೊಟ್ಟಿದ್ರೆ ನನಗೂ ಬರ್ತಿರಲಿಲ್ಲ."

ಈಗ ಕುರಿಗಳನ್ನ ಕತ್ತಲಾಗೋಕೆ ಮುಂಚೆ ದೊಡ್ಡಿಗೆ ತುಂಬ್ತಾನೆ. ಆದ್ರೂ ಆಗೀಗ ಒಂದು ಹೋಗುತ್ತೆ. ಬೈತಾನೆ, ಎರಡು ದಿನ ಊಟ ಸೇರಲ್ಲ ಅವನಿಗೆ. ಬಂದೂಕು ಮಾತ್ರ ಮುಟ್ಟಲ್ಲ.

ನೀವು ನಗ್ತೀರಿ. ಅವನ ಹೆಂಡತಿ ನೆಲಿದಾನೂ ನಕ್ಕಿದ್ದಳು. ಆ ರಾತ್ರಿ ಕಳೆದು ಬೆಳಗಾದ ಮೇಲೆ ಅವಳೂ ನಾನೂ ಬಾವಿ ಹತ್ತಿರ ಹೋದ್ವಿ. ಹಿಮದ ಮೇಲೆ ಒವಿದಿಯೊನ ಬೂಟಿನ ಗುರುತು. ಹೊಳೆ ಕಡೆಗೆ ಪೂಮಾದ್ದು, ಪಕ್ಕದಲ್ಲಿ ಮರಿಗಳದ್ದು. ಬೇರೆ ಮನುಷ್ಯರದ್ದಿಲ್ಲ, ನಾಯೀದು ಒಂದೂ ಇಲ್ಲ. ಆದ್ರೆ ದನಗಳು ನೀರು ಕುಡಿಯೋ ತೊಟ್ಟೀಲಿ ಮಂಜುಗಡ್ಡೆ ಒಡೆದಿತ್ತು. ಒಡೆದ ಅಂಚಿನುದ್ದಕ್ಕೂ ನಾಯಿ ಕೂದಲು, ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಕರೀದು, ಬಿಳೀದು, ಕೆಂಚು. ನಾನೇ ಕೈಯಾರೆ ಕಿತ್ತು ನೋಡಿದ್ದೀನಿ.