ಕಾರು ವಾಲುವ ಜಾಗ

ತೆರಕಣಾಂಬಿ ಬಸ್ ಸ್ಟಾಪಿನಲ್ಲಿ ಪುಟ್ಟಸಿದ್ದಮ್ಮ ಗುದ್ದಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ನಿಂತ ಕಾರಿನ ಒಡೆಯ ಸೋಮಣ್ಣ, ಗುಂಡ್ಲುಪೇಟೆಯ ಮೆಕ್ಯಾನಿಕ್ ಗೌಸ್ ಮೊಹಿದ್ದೀನನ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದ.

“ಓಲಾಡಬಾರ್ದು ಅಂತ ಸ್ಪ್ರಿಂಗ್ ಕುಯ್ಸಿ ಕಾರು ತಗ್ಗಿಸ್ದೆ ಗೌಸಣ್ಣ. ಮದ್ದೂರು ತಿರುವಲ್ಲಿ ಮೊದ್ಲಿಗಿಂತ ಜಾಸ್ತಿ ವಾಲ್ತದೆ ಕಣಣ್ಣ!”

“ಕಾರು ನಾಕು ಬೆರಳು ಇಳೀತು. ಅದು ಯಾವ ಜಾಗ ಹಿಡ್ಕಂಡು ವಾಲ್ತದೋ, ಆ ಜಾಗ ಒಂದು ಗೇಣು ಇಳೀತು.”

“ಎಲ್ಲದೆ ಆ ಜಾಗ?”

“ಕಣ್ಗೆ ಕಾಣಲ್ಲ. ಕಾರಿನಡಿ ಚಕ್ರ ಹಿಡಿದಿರೋ ಕಬ್ಬಿಣದ ತೋಳುಗಳ ಓರೆ ನೋಡಿ ತಿಳೀಬೇಕು. ಅವ್ವ, ಗುದ್ದಲಿ ಒಸಿ ಕೊಡವ್ವ.”

ಗೌಸ್ ಗುದ್ದಲಿಯ ಅಲಗನ್ನು ಮೇಲೆ ಮಾಡಿ, ಅದರ ಬುಡದಲ್ಲೇ ಮರದ ಕಾವು ಹಿಡಿದು ಅಲ್ಲಾಡಿಸಿದ. ಅಲಗು ಜಗ್ಗಲಿಲ್ಲ. ಕಾವಿನ ಕೆಳತುದಿ ಹಿಡಿದ. ಅಲಗು ತೂರಾಡಿ ಸೋಮಣ್ಣನ ಮೇಲೇ ವಾಲಿತು.

“ತೂಕ ಅದೇಯ. ಹಿಡಿತ ದೂರ ಓಯ್ತು. ನಿನ್ ಕಾರ್ಗೂ ಇದೇ ಆಗಿರಾದು.”

“ಅಯ್ಯೋ ಸಿವನೇ! ನಾಳೆ ಬಸುರಿ ಮಗಳ್ನ ಅದೇ ರೋಡಲ್ಲಿ ಆಸ್ಪತ್ರೆಗೆ ಕರ್ಕಂಡೋಗ್ಬೇಕಲ್ಲಣ್ಣ.”

“ಕಾರು ಹತ್ತು. ಇವತ್ತೇ ಕಂಪ್ನಿ ಸ್ಪ್ರಿಂಗ್ ಹಾಕ್ಬುಡನ.”

ಇಬ್ಬರೂ ಹತ್ತಿದ ಕಾರು ಮೆಲ್ಲಗೆ ವಾಲಿಕೊಂಡು ಬಸ್ ಸ್ಟಾಪಿನ ಮುಂದಿನ ತಿರುವು ದಾಟಿತು. ಗುದ್ದಲಿ ಎತ್ತಿಕೊಂಡ ಪುಟ್ಟಸಿದ್ದಮ್ಮ ತನ್ನ ಕೈಯನ್ನೇ ಬೆರಗಿನಿಂದ ನೋಡಿದಳು. ನಲವತ್ತು ವರ್ಷದಿಂದ, ಯಾರೂ ಹೇಳಿಕೊಡದೆ, ಗುದ್ದಲಿ ಎತ್ತುವಾಗೆಲ್ಲ ಆ ಕೈ ಅಲಗಿನ ಬುಡದಲ್ಲೇ ಹಿಡಿಯುತ್ತ ಬಂದಿತ್ತು.