ಕರಿಗೂಳಿ ಗೆದ್ದ ದಿನ

ಮಾತಾಡಬೇಡ ಅಂದೆನಲ್ಲ! ಡಾಕ್ಟರಮ್ಮ ಏನು ಹೇಳಿದ್ರು? ಹತ್ತಿ ಗಟ್ಟಿಯಾಗಿ ಕಚ್ಕೊಂಡಿರಿ, ಅರ್ಧ ಗಂಟೆ ತುಟಿ ಬಿಚ್ಚಬೇಡಿ, ಆಮೇಲೆ ನೋಡಿ ಮನೆಗೆ ಕಳಿಸ್ತೀನಿ ಅಂದ್ರು. ಅರ್ಧ ಗಂಟೆ! ಐವತ್ತು ವರ್ಷದಲ್ಲಿ ನೀನು ಅಷ್ಟು ಹೊತ್ತು ಬಾಯಿ ಮುಚ್ಕೊಂಡಿರೋದನ್ನ ನಾನು ಇವತ್ತೇ ನೋಡ್ತಿರೋದು. ಕಿತ್ತ ಆ ದವಡೆ ಹಲ್ಲಿಗೆ ನಾನು ಕೈ ಮುಗೀಬೇಕು.

ಏನು? ಏನು ಸನ್ನೆ ಅದು? ಓ, ಎಂಜಲು... ತಗೋ, ನನ್ನ ಕರ್ಚೀಫು. ಒಗೆದಿದ್ದೇ ಕಣೋ, ಮೂಸಿ ನೋಡಬೇಡ!

ಸರಿ, ಈಗ ಕೇಳು. ಭಾನುವಾರ ಹಳೇ ಪೈಲ್ವಾನರ ಸಂಘದೋರು ನಮ್ಮಿಬ್ಬರನ್ನೂ ವೇದಿಕೆ ಮೇಲೆ ಕೂರಿಸ್ತಾರೆ. ನಾನು ಮಾತಾಡಬೇಕು, ನೀನು ಪಕ್ಕದಲ್ಲಿ ಕೂತು ನಗಬೇಕು. ಯಾವ ಕಥೆ ಅಂತ ಕೇಳ್ತೀಯಾ? ಅದೇ ಕಣೋ! ನಾನು ಮರೆತು ಗೆದ್ದ ಕಥೆ. ಎಲ್ಲರೂ ಅದನ್ನೇ ಕೇಳೋದು. ಇಲ್ಲೇ ಒಂದು ಸಲ ಹೇಳಿ ನೋಡ್ತೀನಿ. ಎಲ್ಲಾದ್ರೂ ತಪ್ಪಿದ್ರೆ ಬೆರಳೆತ್ತು. ಸರಿನಾ?

...ಈಗಲೇ ಯಾಕೋ ಎತ್ತಿದೆ? ನಾನಿನ್ನೂ ಶುರುನೇ ಮಾಡಿಲ್ಲ!

"ಮಾನ್ಯರೇ..." ನಗಬೇಡ, ಹೊಲಿಗೆ ಬಿಚ್ಕೊಳ್ಳುತ್ತೆ. "ಮಾನ್ಯರೇ, ನಾನು ಕರಿಗೂಳಿ. ಇವನು ಬೆಳ್ಳಿಮಿಂಚು. ಹದಿನೇಳು ವರ್ಷ ಇವನು ಗೆದ್ದ, ನಾನು ಬಿದ್ದೆ." ಹೇಗಿದೆ? ಚೆನ್ನಾಗಿದೆ ಅಲ್ವಾ? ಆಮೇಲೆ ಬಾಗಿಲಿನ ವಿಷಯ ಹೇಳ್ತೀನಿ. ನಾವು ಬಟ್ಟೆ ಬದಲಾಯಿಸ್ತಿದ್ದ ಕೋಣೆ ಬಾಗಿಲ ಮೇಲೆ ಮ್ಯಾನೇಜರು ಸೀಮೆಸುಣ್ಣದಲ್ಲಿ ಹೆಸರು ಬರೀತಿದ್ರಲ್ಲ? ಯಾರ ಹೆಸರ ಕೆಳಗೆ ಗೆರೆ ಇದೆಯೋ ಆವತ್ತು ಅವನು ಗೆಲ್ಲಬೇಕು, ಉಳಿದೋನು ಬೀಳಬೇಕು. ಅಷ್ಟೇ ಕಾನೂನು. ನನ್ನ ಹೆಸರಿಗೆ ಗೆರೆ ಬೀಳ್ತಾನೇ ಇರಲಿಲ್ಲ. ಒಂದೇ ಒಂದು ಸಲ ಬಿದ್ದಿತ್ತು! ಕುಣಿದಾಡಿಬಿಟ್ಟೆ! ಹತ್ತಿರ ಹೋಗಿ ನೋಡಿದ್ರೆ... ಬಾಗಿಲು ಬಿರುಕು ಬಿಟ್ಟಿತ್ತು.

ನೋಡು, ಕೌಂಟರಲ್ಲಿರೋ ಆ ಹುಡುಗೀನೂ ನಗ್ತಿದಾಳೆ. ಕೇಳಮ್ಮಾ, ಕೇಳು, ಪರವಾಗಿಲ್ಲ.

ಹಾಗಂತ ಬೀಳೋದು ಸುಲಭ ಅಂದ್ಕೋಬೇಡಿ ಅಂತಾನೂ ಹೇಳ್ತೀನಿ. ಗೆಲ್ಲೋನಿಗೆ ಏನು ಕೆಲಸ? ಎರಡು ಕೈ ಮೇಲೆತ್ತಿ ಹಲ್ಲು ಕಿರಿದ್ರೆ ಮುಗೀತು. ಬೀಳೋನಿಗೆ ನೂರೆಂಟು. ಗದ್ದ ಎದೆಗೆ ಒತ್ಕೊಂಡಿರಬೇಕು, ಬೆನ್ನು ಪೂರ್ತಿ ಒಂದೇ ಸಲಕ್ಕೆ ತಾಗಬೇಕು, ಅಂಗೈಯಿಂದ ಅಖಾಡದ ಹಲಗೆಗೆ ಫಟಾರ್ ಅಂತ ಹೊಡೀಬೇಕು. ಅದರ ಮೇಲೆ ಆ ಮುಖವಾಡ ಬೇರೆ! ನನ್ನ ಹೆಂಡತಿ ಹಳೇ ಕೊಡೆ ಬಟ್ಟೇಲಿ ಹೊಲಿದು, ಕೊಂಬಿನೊಳಗೆ ಕಾಲುಚೀಲ ತುಂಬಿದ್ಲು. ಒಂದು ಕೊಂಬು ಯಾವಾಗಲೂ ಜೋತು ಬಿದ್ದು ಕಣ್ಣಿಗೆ ಅಡ್ಡ ಬರ್ತಿತ್ತು. ಗೂಳಿ ಥರ ನುಗ್ಗಬೇಕಾದೋನು ದಾರಿ ತಡಕ್ತಿದ್ದೆ.

ಆಮೇಲೆ ಕುರ್ಚಿ. ನೀನು ನನ್ನ ತಲೆ ಮೇಲೆ ಒಡೀತಿದ್ದ ಕುರ್ಚಿ. ಜನ "ಅಯ್ಯಯ್ಯೋ" ಅಂತ ಕಣ್ಣು ಮುಚ್ಕೊಳ್ತಿದ್ರು! ಅದನ್ನ ಮಾಡ್ತಿದ್ದೋನು ಯಾರು? ನಾನೇ! ತೆಳು ಹಲಗೆ, ಕಾಲುಗಳನ್ನ ಮುಕ್ಕಾಲು ಭಾಗ ಗರಗಸದಲ್ಲಿ ಕೊಯ್ದು ಮೇಲೆ ಬಣ್ಣ ಬಳೀತಿದ್ದೆ. ಬೆಕ್ಕು ಕೂತ್ರೂ ಮುರೀತಿತ್ತು ಅದು. ಹದಿನೇಳು ವರ್ಷ ಕಣೋ, ಒಂದು ದಿನ, ಒಂದೇ ಒಂದು ದಿನ ತಲೆ ನೋಯಲಿಲ್ಲ. ಅದು ಕೈಕೆಲಸ ಅಂದ್ರೆ!

ಹೂಂ... ಈಗ ಆ ದಿನ. ಮಧ್ಯಾಹ್ನದ ಆಟ. ಹಾಲ್ ತುಂಬಿತ್ತು. ದೊಡ್ಡ ಕುಸ್ತಿ ಕಂಪನಿಯಿಂದ ಇಬ್ಬರು ಬಂದಿದ್ರು, ಇಸ್ತ್ರಿ ಶರ್ಟು, ಕೈಯಲ್ಲಿ ನೋಟ್‌ಬುಕ್ಕು. ನಿನ್ನನ್ನ ನೋಡೋಕೆ. ಇಷ್ಟ ಆದ್ರೆ ಕರ್ಕೊಂಡು ಹೋಗ್ತಾರೆ. ಟೀವಿ, ವಿಮಾನ, ಹೋಟೆಲ್ ರೂಮು, ಎಲ್ಲಾ. ಮ್ಯಾನೇಜರು ನಿನ್ನ ಹೆಸರಿಗೆ ಎರಡು ಗೆರೆ ಎಳೆದಿದ್ರು. ಎರಡು! ನೀನು ಕುರ್ಚಿ ಒಡೀಬೇಕು, ನಾನು ಬೀಳಬೇಕು. ನೀನು ಮೂಲೆ ಕಂಬ ಹತ್ತಿ ನನ್ನ ಮೇಲೆ ಹಾರಬೇಕು. ನಾನು ಕದಲದೆ ಬಿದ್ದಿರಬೇಕು. ರೆಫರಿ ಒಂದು, ಎರಡು, ಮೂರು ಎಣಿಸಿದ್ರೆ ನೀನು ಗೆದ್ದ ಹಾಗೆ. ನೂರಾರು ಸಲ ಮಾಡಿದ್ದೇ.

ನೀನು ಹಾರಿದೆ. ಅಬ್ಬಾ, ಎಂಥಾ ಹಾರಾಟ ಅದು! ನಾನು... ಉರುಳಿಬಿಟ್ಟೆ. ಪಕ್ಕಕ್ಕೆ. ನೀನು ದೊಪ್ ಅಂತ ಹಲಗೆ ಮೇಲೆ. ನಾನು ನಿನ್ನ ಎದೆ ಮೇಲೆ ಕೈ ಹಾಕಿದೆ. ರೆಫರಿ ಕಕ್ಕಾಬಿಕ್ಕಿ! ಪಾಪ, ಎಣಿಸದೆ ವಿಧಿ ಇಲ್ಲ. "ಒಂದು..." ಅಂದ, ಮ್ಯಾನೇಜರ ಕಡೆ ನೋಡಿದ. "ಎರಡು..." ನಿನ್ನ ಕೆನ್ನೆ ತಟ್ಟಿದ. "ಎರಡೂಕಾಲು... ಎರಡೂವರೆ... ಏಳಯ್ಯಾ... ಎರಡೂಮುಕ್ಕಾಲು..." ಕೊನೆಗೆ ಅಳೋ ದನಿಯಲ್ಲಿ "ಮೂರು" ಅಂದ!

"ಯಾಕೆ ಉರುಳಿದೆ ಗೊತ್ತಾ ಮಾನ್ಯರೇ? ಆ ಕುರ್ಚಿ ಏಟಿಗೆ ತಲೆ ಗಿರ್ ಅಂತು! ಯಾರು ಬೀಳಬೇಕು, ಯಾರು ಗೆಲ್ಲಬೇಕು ಅನ್ನೋದೇ ಮರೆತುಹೋಯ್ತು!"

ಇಲ್ಲಿ ಚಪ್ಪಾಳೆ. ಇಲ್ಲಿ ನೀನು ನಗಬೇಕು.

...ನಗು.

ಏನದು ಬೆರಳು? ಎಲ್ಲಿ ತಪ್ಪಾಯ್ತು? ತಲೆನಾ? ಹೌದು, ತಲೆಗೆ... ಏನು, ಗರಗಸದ ಥರ ಕೈ ಆಡಿಸ್ತೀಯ? ಕೊಯ್ಯೋದು... ಕುರ್ಚಿ...

ಓ.

ಅದು ಬೇರೆ ಕುರ್ಚಿ ಕಣೋ! ಆವತ್ತು... ಆವತ್ತು ಹಾಲ್‌ನೋರ ಕುರ್ಚಿ. ತೇಗದ್ದು. ಬೆರಳು ಇಳಿಸು. ಇಳಿಸೋ! ಸರಿ, ನಮ್ಮದೇ ಕುರ್ಚಿ. ಆದ್ರೆ ಆವತ್ತು ಗರಗಸ ಮೊಂಡಾಗಿತ್ತು... ಹಾಗ್ಯಾಕೆ ನೋಡ್ತೀಯ? ಆ ಗಾಜಿನ ತೊಟ್ಟೀಲಿರೋ ಮೀನೂ ಹಾಗೇ ನೋಡ್ತಿದೆ. ಇಬ್ಬರೂ ಸೇರಿ ನೋಡಬೇಡಿ. ಒಬ್ಬರು ನೋಡಿ!

ಏನಾದ್ರೂ ಹೇಳು ಮಾರಾಯ. ಬೈಯಾದ್ರೂ ಬೈ. ಅಲ್ಲ, ಹೇಳಬೇಡ, ಹತ್ತಿ ಇದೆ. ನೀನು ಮಾತಾಡ್ತಿದ್ರೆ ಎಷ್ಟು ಆರಾಮಾಗಿತ್ತು ಗೊತ್ತಾ? ಪ್ರತಿ ಸಲ ಈ ಜಾಗಕ್ಕೆ ಬಂದಾಗ ನೀನೇ ನಡುವೆ ಬಾಯಿ ಹಾಕಿ "ಇವನ ತಲೇಲಿ ಮೊದಲೇ ಏನೂ ಇರಲಿಲ್ಲ, ಮರೆಯೋಕೆ" ಅಂತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗೋರು. ನಾನು ಬಚಾವಾಗ್ತಿದ್ದೆ.

ನಾನು ಸುಳ್ಳು ಹೇಳಲಿಲ್ಲ ಕಣೋ. ಆಣೆ! ಎರಡು ಪಕ್ಕೆಲುಬು ಮುರ್ಕೊಂಡು ನೀನು ಆಸ್ಪತ್ರೇಲಿ ಮಲಗಿದ್ದೆ. ಆ ಕಂಪನಿಯೋರು ಬೇರೆ ಯಾರನ್ನೋ ಕರ್ಕೊಂಡು ಹೋಗಿದ್ರು. ನಾನು ಬಾಗಿಲಲ್ಲಿ ನಿಂತಿದ್ದೆ. ನೀನೇ ಕೇಳಿದೆ, "ಮರೆತುಬಿಟ್ಟೆ ಅಲ್ವೇನೋ?" ನಾನು "ಹೂಂ" ಅಂದೆ. ಅಷ್ಟೇ! ಪ್ರಶ್ನೇನೂ ನಿನ್ನದು, ಉತ್ತರಾನೂ ನಿನ್ನದು, ನಂದು ಬರೀ ಹೂಂ! ಆ ಹೂಂ ಅಂದು ಮೂವತ್ತೊಂದು ವರ್ಷ ಆಯ್ತು...

ನೋಡಬೇಡ ಅಂದೆ.

ಆಯ್ತು. ಆಯ್ತಪ್ಪಾ. ಮರೆತಿರಲಿಲ್ಲ.

ನಮ್ಮತ್ತೆ ಬಂದಿದ್ರು ಆವತ್ತು. ಹೆಂಡತಿ ಅಮ್ಮ. ಮೂರನೇ ಸಾಲು, ಕೊನೇ ಸೀಟು. ನಿನಗೇ ಗೊತ್ತಲ್ಲ, ಅವರು ನೆಂಟರ ಮುಂದೆಲ್ಲ ನನ್ನನ್ನ ಏನಂತ ಪರಿಚಯ ಮಾಡಿಸ್ತಿದ್ರು ಅಂತ? "ಇವರು ನಮ್ಮ ಬೀಳೋ ಅಳಿಯ." ಊಟಕ್ಕೆ ಕೂತ್ರೆ, "ಹುಷಾರಾಗಿ ಕೂತ್ಕೊಳ್ಳಿ, ಬಿದ್ದೀರಿ." ಹನ್ನೊಂದು ವರ್ಷ ಕಣೋ! ದೊಡ್ಡಳಿಯ ಏನು ಮಾಡ್ತಿದ್ದ? ಚಾಪೆ ಮಾರ್ತಿದ್ದ. ಅವನಿಗೆ ಮೊದಲು ಬಡಿಸೋರು. ಆವತ್ತು ಮೊದಲನೇ ಸಲ ಆಟ ನೋಡೋಕೆ ಬಂದಿದ್ರು. ನಾನು ಹಲಗೆ ಮೇಲೆ ಮಲಗಿ ಮೇಲೆ ನೋಡ್ತೀನಿ, ನೀನು ಕಂಬ ಹತ್ತುತಾ ಇದೀಯ. ಒಂದೇ ಒಂದು ಸಲ, ಅನ್ನಿಸ್ತು. ಒಂದು ಸಲ ಅತ್ತೆ ನೋಡಲಿ. ಅಷ್ಟೇ ಕಣೋ ತಲೇಲಿ ಇದ್ದಿದ್ದು. ಇಸ್ತ್ರಿ ಶರ್ಟಿನೋರು ನೆನಪಾಗಲಿಲ್ಲ, ನಿನ್ನ ಪಕ್ಕೆಲುಬು ನೆನಪಾಗಲಿಲ್ಲ.

ಗೆದ್ದೆ. ಎದ್ದು ನಿಂತು ಎರಡೂ ಕೈ ಎತ್ತಿ ಮೂರನೇ ಸಾಲು ನೋಡ್ತೀನಿ... ಸೀಟು ಖಾಲಿ!

ಸೀಟಿನ ಕೆಳಗಿದ್ರು. ಕನ್ನಡಕದ ಡಬ್ಬಿ ಬಿದ್ದುಹೋಗಿತ್ತಂತೆ, ಹುಡುಕ್ತಿದ್ರಂತೆ! ಆಟ ಮುಗಿದ ಮೇಲೆ ಹೊರಗೆ ಸಿಕ್ಕಿ ಕೇಳಿದ್ರು, "ಬಿದ್ದದ್ದಾಯ್ತಾ? ಹೊರಡೋಣ್ವಾ?" ಗೆದ್ದೆ ಅಂದ್ರೆ ನಂಬಲೇ ಇಲ್ಲ. ಸಾಯೋವರೆಗೂ ನಂಬಲಿಲ್ಲ ಆ ಹೆಂಗಸು.

ನಗಬಹುದು. ಇಲ್ಲಿ ನಿಜವಾಗಲೂ ನಗಬಹುದು. ಆ ಹುಡುಗಿ ನಗ್ತಿದಾಳೆ ನೋಡು... ಇಲ್ಲ, ಅವಳೂ ನಿಲ್ಲಿಸಿದ್ಲು.

ಆಮೇಲೆ ನೀನು ಕುಸ್ತಿ ಬಿಟ್ಟು ಇಪ್ಪತ್ತೆರಡು ವರ್ಷ ಸ್ಕೂಲ್ ಬಸ್ ಓಡಿಸಿದೆ. ನನ್ನ ಮಕ್ಕಳನ್ನೂ ಅದೇ ಬಸ್ಸಲ್ಲಿ ಕರ್ಕೊಂಡು ಹೋದೆ. ಕಿಟಕಿ ಪಕ್ಕದ ಸೀಟು ಅವರಿಗೇ ಇಡ್ತಿದ್ದೆ. ದಿನಾ ಬೆಳಿಗ್ಗೆ ಗೇಟಲ್ಲಿ ನಿಂತು ನಿನಗೆ ಕೈ ಬೀಸ್ತಿದ್ದೆ ನಾನು. ನಾಚಿಕೆ ಆಗ್ತಿತ್ತು ಕಣೋ. ದಿನಾ ಆಗ್ತಿತ್ತು. ಆದ್ರೂ ಕೈ ಬೀಸ್ತಿದ್ದೆ.

ಹತ್ತಿ ಯಾವಾಗ ತೆಗೆದೆ? ಅರ್ಧ ಗಂಟೆ ಆಗಿಹೋಯ್ತಾ? ಹಾಗಾದ್ರೆ... ಮಾತಾಡಬಹುದಲ್ಲ ನೀನು. ಮಾತಾಡು. ...ಯಾಕೋ?

ತಡಿ. ತಡಿ, ಎದ್ದೇಳಬೇಡ. ಈ ಕುರ್ಚಿ ಸ್ವಲ್ಪ ಆ ಕಡೆ... ಏನಿಲ್ಲಮ್ಮಾ, ಏನೂ ಆಗಿಲ್ಲ, ಡಾಕ್ಟರನ್ನ ಕರೀಬೇಡ. ನೆಲದ ಮೇಲೆ ಸ್ವಲ್ಪ ಮಲಗ್ತಿದೀನಿ. ಅಯ್ಯಯ್ಯಮ್ಮ, ಮಂಡಿ... ಸೊಂಟ... ಹಾಂ. ಈಗಷ್ಟೇ ಒರೆಸಿದೀರಾ, ಒದ್ದೆ ಇದೆ.

ಬಾ ಕಣೋ. ಆವತ್ತಿನದ್ದು ಇವತ್ತು ಮುಗಿಸು. ಬೆನ್ನು ಪೂರ್ತಿ ತಾಗಿದೆ ನೋಡು. ಅಮ್ಮಾ, ನೀನು ಮೂರರ ತನಕ ಎಣಿಸ್ತೀಯಾ?

ಎಲ್ಲೋ ಇದೀಯ? ಇಲ್ಲಿಂದ ನಿನ್ನ ಕಾಲು ಮಾತ್ರ ಕಾಣ್ತಿದೆ. ಆ ಕಡೆ ಯಾಕೆ... ಬಾಗಿಲ ಕಡೆ? ಹೊರಟೆಯಾ? ಏ, ಹೋಗೋದಾದ್ರೆ ನನ್ನನ್ನ ಎಬ್ಬಿಸಿ ಹೋಗೋ, ನನಗೆ ಒಬ್ಬನೇ ಏಳೋಕಾಗಲ್ಲ!

...ಓ. ವಾಚು ಬಿಚ್ಚಿ ಕೌಂಟರ್ ಮೇಲೆ ಇಡ್ತಿದೀಯಾ.

ಹಾಂ, ಬಾ. ನಿಧಾನಕ್ಕೆ ಕೈ ಹಾಕಿದ್ರೆ ಸಾಕು... ಏ, ಏನು ಮಾಡ್ತಿದೀಯ? ಕುರ್ಚಿ ಮೇಲೆ ಯಾಕೆ ಹತ್ತುತೀಯ? ಇಳಿಯೋ! ಅರವತ್ತೆಂಟು ನಿನಗೆ! ಹಲ್ಲು ಈಗಷ್ಟೇ ಕಿತ್ತಿದಾರೆ! ಅಮ್ಮಾ, ಇವನಿಗೆ ಹೇಳಮ್ಮಾ! ತಮಾಷೆಗೆ ಅಂದೆ ಕಣೋ, ತಮಾಷೆಗೆ...

ತಮಾಷೆಗಲ್ಲ. ಸರಿ.

ಹಾರು. ಉರುಳಲ್ಲ.